ತಾಲ್ಲೂಕು ಕಡತದಲ್ಲಿ ಕಾಣದ ಮುತ್ತಜ್ಜಿ

ಪೂರ್ವಜರನ್ನು ಅರಸಿ ನಾವು ಮೊದಲು ಹೋದದ್ದು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ. 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಗಣಕೀಕೃತಗೊಂಡವು. ಅದಕ್ಕೂ ಹಿಂದಿನ ತಲೆಮಾರುಗಳು ಕೈಬರಹದ ವಹಿಗಳಲ್ಲಿವೆ. ಹಳೆ ಮೈಸೂರಿನ ಕಂದಾಯ ಕಡತಗಳಲ್ಲಿ ತಂದೆಯ ಹೆಸರಿಗೆ ಮುನ್ನ ‘ಬಿನ್’ ಎಂದಿರುತ್ತದೆ. ಮದ್ರಸಾದಲ್ಲಿ ಕಲಿತ ಅರಬಿ ಪದವು ತಿಮ್ಮಯ್ಯ ಬಿನ್ ರಾಮಯ್ಯ ಎಂಬಲ್ಲಿಯೂ ಕುಳಿತಿರುವುದನ್ನು ಕಂಡು ನಮಗೆ ನಗು ಬಂದಿತು. ‘ಪೌತಿ’ ಖಾತೆಯೂ ಮರಣವೆಂಬ ಅರ್ಥದ ಅರಬಿ ‘ಫೌತ್’ನಿಂದಲೇ ಬಂದದ್ದು.

ಗಂಡಸರ ಸರಣಿ ಸುಲಭವಾಗಿ ದೊರೆಯಿತು. ಹೆಂಗಸರದು ದೊರೆಯಲಿಲ್ಲ. ವಿವಾಹಿತೆಯ ಹೆಸರಿನ ಮುಂದೆ ‘ಕೋಂ’ ಎಂದು ಗಂಡನ ಹೆಸರು ಬರುತ್ತದೆ, ತವರು ಅಳಿಸಿಹೋಗುತ್ತದೆ. ಮುತ್ತಜ್ಜಿಯ ತಂದೆ ಯಾರೆಂಬುದು ತಿಳಿದದ್ದು ಜಮಾಅತಿನ ಹಳೆಯ ನಿಕಾಹ್ ದಫ್ತರಿನಿಂದ. ವಧುವಿನ ತಂದೆ, ವಲಿ, ಸಾಕ್ಷಿಗಳು, ಮಹರಿನ ಮೊತ್ತ ಎಲ್ಲವೂ ಅಲ್ಲಿದ್ದವು.

ಆ ಹೆಸರನ್ನು ಹಿಡಿದು ಮತ್ತೆ ತಾಲ್ಲೂಕಿಗೆ ಹೋದೆವು. ಪೌತಿ ಖಾತೆಯಲ್ಲಿ ಇಬ್ಬರು ಗಂಡುಮಕ್ಕಳಷ್ಟೇ ಇದ್ದರು. ಅನ್ನಿಸಾ ಅಧ್ಯಾಯವು ಮಗಳಿಗೆ ಮಗನ ಪಾಲಿನ ಅರ್ಧವನ್ನು ನಿಗದಿಪಡಿಸಿದೆ. ಬೇರೆ ವಾರಸುದಾರರಿಲ್ಲದಿದ್ದರೆ ಇಲ್ಲಿ ಅದು ಐದರಲ್ಲೊಂದು. ಮುತ್ತಜ್ಜಿಯ ಹೆಸರೇ ಅಲ್ಲಿರಲಿಲ್ಲ.

ಆ ಹೊಲ ಈಗ ಬೇರೆಯವರದು. ಕಳೆದ ವರ್ಷ ನಮ್ಮ ತಂದೆಯ ಪೌತಿ ಅರ್ಜಿಗೆ ವಂಶವೃಕ್ಷ ಬರೆಸುವಾಗ ಸಹೋದರಿಯರ ಹೆಸರುಗಳನ್ನೇ ಮೊದಲು ಹೇಳಿದೆವು.