ಕಲ್ಲಚ್ಚಿನ ಪತ್ರಿಕೆ: ‘ಮಂಗಳೂರ ಸಮಾಚಾರ’

ಪ್ರತಿ ವರ್ಷ ಜುಲೈ 1ರಂದು ನಮ್ಮ ರಾಜ್ಯದಲ್ಲಿ ಪತ್ರಿಕಾ ದಿನಾಚರಣೆ ನಡೆಯುತ್ತದೆ. ಆ ದಿನವನ್ನೇ ಏಕೆ ಆರಿಸಿಕೊಂಡರು ಎಂದು ತರಗತಿಯಲ್ಲಿ ಕೇಳಿದರೆ ಉತ್ತರ ಹೇಳುವ ಮಕ್ಕಳು ಕಡಿಮೆ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದಿತು. ಅದು ಮಂಗಳೂರಿನಲ್ಲಿ ಒಂದು ವರ್ಷವೂ ಬಾಳಲಿಲ್ಲ. ಆದರೂ ಅದರ ಕಥೆಯಲ್ಲಿ ನಮ್ಮ ವಿದ್ಯಾರ್ಥಿಗಳು ತಿಳಿಯಬೇಕಾದ ಒಂದು ಪಾಠವಿದೆ. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಅದನ್ನೇ ಬರೆಯೋಣವೆನ್ನಿಸಿತು.

ಆಗ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ನಮ್ಮ ಕೈವಾರ ಸೇರಿದ್ದ ಮೈಸೂರು ಸಂಸ್ಥಾನವನ್ನು 1831ರಿಂದ ಬ್ರಿಟಿಷ್ ಕಮಿಷನರರು ಆಳುತ್ತಿದ್ದರು. ಮಂಗಳೂರು, ಬಳ್ಳಾರಿಗಳು ಮದರಾಸು ಪ್ರಾಂತ್ಯಕ್ಕೆ ಸೇರಿದ್ದವು. 1837ರಲ್ಲಿ ಕಲ್ಯಾಣಪ್ಪನ ದಂಗೆಯ ಕಾಲದಲ್ಲಿ ರೈತರ ದಂಡು ಮಂಗಳೂರಿಗೇ ನುಗ್ಗಿ ಕೆಲವು ದಿನ ಊರನ್ನು ವಶದಲ್ಲಿಟ್ಟುಕೊಂಡಿತ್ತು. ಆ ಬಳಿಕ ಆರೇ ವರ್ಷಕ್ಕೆ ಈ ಪತ್ರಿಕೆ ಬಂದಿತು. ಅಂದಿನ ಜನರಿಗೆ ಸುದ್ದಿ ಎಂದರೆ ಸಂತೆಯಲ್ಲಿ, ಕಚೇರಿಯ ಜಗಲಿಯಲ್ಲಿ ಬಾಯಿಂದ ಬಾಯಿಗೆ ಹಬ್ಬಿದ ಮಾತು.

ಪತ್ರಿಕೆಯ ಸಂಪಾದಕರು ಹರ್ಮನ್ ಮೊಗ್ಲಿಂಗ್. 1811ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಅವರು ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1836ರಲ್ಲಿ ಇಲ್ಲಿಗೆ ಬಂದು ಕನ್ನಡ ಕಲಿತರು. ಪತ್ರಿಕೆ ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಊರ ಸುದ್ದಿ, ಕಂಪನಿ ಸರ್ಕಾರದ ಕಾನೂನುಗಳು, ಹೊರನಾಡಿನ ಸಮಾಚಾರ, ನೀತಿಯ ಮಾತು, ಕಥೆಗಳು ಅದರಲ್ಲಿದ್ದವು. ಪುರಂದರದಾಸರ ಪದಗಳೂ ಇದ್ದವು. ಗಾಳಿ ಬೆಳಕಿಲ್ಲದ ಮನೆಗೆ ಕಿಟಕಿ ಇಟ್ಟಂತೆ ಈ ಪತ್ರಿಕೆ ಎಂಬ ಅರ್ಥದಲ್ಲಿ ಮೊದಲ ಸಂಚಿಕೆಯಲ್ಲಿ ಅವರು ಅದರ ಉದ್ದೇಶ ಹೇಳಿಕೊಂಡಿದ್ದರು.

ಅದನ್ನು ಅಚ್ಚು ಹಾಕುತ್ತಿದ್ದ ಬಗೆಯೂ ತಿಳಿಯತಕ್ಕದ್ದು. ಮಂಗಳೂರಿನ ಮಿಷನ್ ಛಾಪಖಾನೆಯಲ್ಲಿ ಆಗ ಕನ್ನಡದ ಅಚ್ಚಿನ ಮೊಳೆಗಳಿರಲಿಲ್ಲ. ಇದ್ದದ್ದು ಕಲ್ಲಚ್ಚು. ಬರಹಗಾರನು ಜಿಡ್ಡಿನ ಮಸಿಯಿಂದ ಪುಟವನ್ನು ಕೈಯಲ್ಲೇ ಬರೆಯಬೇಕು. ಆ ಬರಹವನ್ನು ನಯವಾದ ಸುಣ್ಣಕಲ್ಲಿನ ಮೇಲೆ ಇಳಿಸಬೇಕು. ಬಳಿಕ ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಮಸಿ ಉರುಳೆ ಹಾಯಿಸಿದರೆ, ನೀರು ಹಿಡಿದ ಜಾಗ ಮಸಿಯನ್ನು ಹತ್ತಗೊಡುವುದಿಲ್ಲ, ಜಿಡ್ಡಿನ ಅಕ್ಷರ ಮಾತ್ರ ಮಸಿ ಹೀರುತ್ತದೆ. ಅದರ ಮೇಲೆ ಕಾಗದವಿಟ್ಟು ಒತ್ತಿದರೆ ಒಂದು ಪ್ರತಿ. ಒತ್ತಕ್ಷರ, ಕೊಂಬು, ದೀರ್ಘಗಳೆಲ್ಲ ಕೈಬರಹದಂತೆಯೇ ಮೂಡುತ್ತಿದ್ದವು. ನಮ್ಮ ಭಾಷೆಯ ಮೊದಲ ಪತ್ರಿಕೆ ಹೀಗೆ ಒಂದು ರೀತಿಯಲ್ಲಿ ಕೈಬರಹದ ಪತ್ರಿಕೆಯೇ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಈ ಪತ್ರಿಕೆಗೆ ಒಂದು ಪಕ್ಷವಿತ್ತು. ಅದನ್ನು ನಡೆಸಿದವರು ಮತಪ್ರಚಾರಕ್ಕೆಂದೇ ಬಂದವರು, ಅದನ್ನು ಅವರು ಮರೆಮಾಚಿದವರೂ ಅಲ್ಲ. ಅವರು ಮಂಗಳೂರಿನಲ್ಲಿ ಶಾಲೆಯನ್ನೂ ನಡೆಸುತ್ತಿದ್ದರು. ಪತ್ರಿಕೆ ಹೊರಡುತ್ತಿದ್ದಾಗಲೇ, 1844ರ ಜನವರಿಯಲ್ಲಿ, ಆ ಶಾಲೆಗೆ ಸಂಬಂಧಪಟ್ಟ ಆನಂದರಾವ್ ಕೌಂಡಿನ್ಯ ಎಂಬ ಯುವಕರೂ ಅವರೊಡನೆ ಇನ್ನಿಬ್ಬರೂ ಕ್ರೈಸ್ತಮತಕ್ಕೆ ಸೇರಿದರು. ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಎಷ್ಟೋ ಮನೆಯವರು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು. ಕೌಂಡಿನ್ಯರು ಮುಂದೆ ಬಾಸೆಲ್‌ಗೆ ಹೋಗಿ ಓದಿ ತಾವೂ ಪಾದ್ರಿಯಾದರು.

ಅದೇ ವರ್ಷ ಪತ್ರಿಕೆ ಮಂಗಳೂರನ್ನು ಬಿಟ್ಟು ಬಳ್ಳಾರಿಗೆ ಹೋಯಿತು. ಅಲ್ಲಿ ಅಚ್ಚಿನ ಮೊಳೆಗಳ ಸೌಕರ್ಯವಿದ್ದುದೇ ಕಾರಣವೆಂದು ಹೇಳುತ್ತಾರೆ. ‘ಕನ್ನಡ ಸಮಾಚಾರ’ ಎಂದು ಹೆಸರು ಬದಲಾಯಿಸಿಕೊಂಡು ಸ್ವಲ್ಪ ಕಾಲ ನಡೆದು ನಿಂತುಹೋಯಿತು.

ಒಂದು ಪಕ್ಷವಿರುವುದೇ ಪತ್ರಿಕೆಯ ದೋಷವೇ? ಕಲ್ಕತ್ತೆಯ ಉದಾಹರಣೆ ನೋಡಿ. ಅಲ್ಲಿ 1818ರಲ್ಲಿಯೇ ಶ್ರೀರಾಮಪುರದ ಪಾದ್ರಿಗಳು ‘ಸಮಾಚಾರ ದರ್ಪಣ’ ಎಂಬ ಬಂಗಾಳಿ ಪತ್ರಿಕೆ ಹೊರಡಿಸಿದರು. ಮೂರೇ ವರ್ಷಕ್ಕೆ, 1821ರಲ್ಲಿ, ರಾಜಾರಾಮ ಮೋಹನರಾಯರ ‘ಸಂವಾದ ಕೌಮುದಿ’ ಬಂದಿತು. ಸತಿ ಪದ್ಧತಿಯನ್ನು ರಾಯರು ವಿರೋಧಿಸಿದಾಗ ಅವರಿಗೆ ಎದುರಾಗಿ 1822ರಲ್ಲಿ ‘ಸಮಾಚಾರ ಚಂದ್ರಿಕಾ’ ಹುಟ್ಟಿತು. ಎಲ್ಲವೂ ಪಕ್ಷ ಹಿಡಿದ ಪತ್ರಿಕೆಗಳೇ. ಆದರೆ ಓದುವವನ ಮುಂದೆ ವಾದವೂ ಇತ್ತು, ಪ್ರತಿವಾದವೂ ಇತ್ತು. ತೀರ್ಮಾನ ಅವನದು.

ಮಂಗಳೂರಿನಲ್ಲಿ ಹಾಗಿರಲಿಲ್ಲ. ಕನ್ನಡದಲ್ಲಿ ಆಗ ಇದ್ದದ್ದು ಅದೊಂದೇ ಪತ್ರಿಕೆ. ಶಾಲೆಯಿಂದ ಮಗನನ್ನು ಬಿಡಿಸಿಕೊಂಡ ತಂದೆಯ ಸಂಕಟವೇನು, ಮತ ಬದಲಿಸಿದ ಹುಡುಗನ ತಾಯಿ ಏನೆಂದಳು ಎಂಬುದನ್ನು ತಮ್ಮ ಮಾತಿನಲ್ಲಿ ಅಚ್ಚು ಹಾಕಿಸಲು ಆ ಮನೆಯವರಿಗೆ ಕಲ್ಲೂ ಇರಲಿಲ್ಲ, ಮೊಳೆಯೂ ಇರಲಿಲ್ಲ. ಆದ್ದರಿಂದ ಆ ದಿನಗಳ ವಿಷಯ ನಮಗೆ ತಿಳಿಯುವುದು ಹೆಚ್ಚಾಗಿ ಮಿಷನ್ನಿನವರ ಬರಹಗಳಿಂದಲೇ. ಮೊದಲ ಪತ್ರಿಕೆಯ ಕೊರತೆ ಅದು ಪಕ್ಷ ಹಿಡಿದದ್ದಲ್ಲ. ಅದಕ್ಕೆ ಉತ್ತರ ಕೊಡುವ ಎರಡನೆಯ ಪತ್ರಿಕೆ ಇಲ್ಲದಿದ್ದದ್ದು.

ಇಷ್ಟು ಹೇಳಿದ ಮೇಲೆ ಮೊಗ್ಲಿಂಗ್ ಅವರ ಉಪಕಾರವನ್ನೂ ನೆನೆಯಬೇಕು. ಪತ್ರಿಕೆ ನಿಂತ ಬಳಿಕ, 1848ರಿಂದ 1853ರವರೆಗೆ, ಕಾಸಮೇಜರ್ ಎಂಬ ಅಧಿಕಾರಿಯ ಧನಸಹಾಯದಿಂದ ಅವರು ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದವನ್ನು ಕಲ್ಲಚ್ಚಿನಲ್ಲಿಯೇ ಪ್ರಕಟಿಸಿದರು. ತಮ್ಮ ಮತದ್ದಲ್ಲದ ಗ್ರಂಥಗಳನ್ನೂ ಅಷ್ಟು ಶ್ರದ್ಧೆಯಿಂದ ಉಳಿಸಿದ ಅವರಿಗೆ 1858ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು.

ನಮ್ಮೂರಿನ ವಿಷಯಕ್ಕೆ ಬಂದರೆ, ಕೈವಾರ ತಾತಯ್ಯನವರು 1836ರಲ್ಲಿ ಜೀವಸಮಾಧಿಯಾದರೆಂದು ಹಿರಿಯರು ಹೇಳುತ್ತಾರೆ. ಅಂದರೆ ಮೊದಲ ಪತ್ರಿಕೆಗೆ ಏಳು ವರ್ಷ ಮುಂಚೆ. ಬಳೆಯ ಮಲಾರ ಹೊತ್ತು ಊರೂರು ತಿರುಗಿದ ಅವರು ತೆಲುಗು, ಕನ್ನಡ ಎರಡರಲ್ಲೂ ಪದ ಕಟ್ಟಿದರು. ಅವು ಭಜನೆ ಮಾಡುವವರ ನಾಲಿಗೆಯ ಮೇಲೆ ಉಳಿದು ನಮ್ಮವರೆಗೆ ಬಂದವು. ಆದರೆ ಅದೇ ಕಾಲದಲ್ಲಿ ಇಲ್ಲಿ ಬರಗಾಲ ಬಂದಾಗ, ಕಂದಾಯ ಹೆಚ್ಚಿದಾಗ ರೈತ ಏನೆಂದುಕೊಂಡ ಎಂಬುದನ್ನು ಯಾರು ಬರೆದಿಟ್ಟರು? ಹಾಡು ಬಾಯಲ್ಲಿ ಉಳಿಯುತ್ತದೆ, ಅಹವಾಲು ಉಳಿಯುವುದಿಲ್ಲ.

ಆದ್ದರಿಂದ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಯಾವ ಪತ್ರಿಕೆ ಕೈಗೆ ಬಂದರೂ ಇದನ್ನು ಯಾರು ನಡೆಸುತ್ತಾರೆ, ಇದರಲ್ಲಿ ಯಾರ ಮಾತು ಇಲ್ಲ ಎಂದು ಕೇಳಿಕೊಂಡು ಓದಿ. ನಮ್ಮ ಶಾಲೆಯ ಗೋಡೆ ಪತ್ರಿಕೆಯನ್ನು ಬಿಡದೆ ನಡೆಸಿ. ಒಂದು ಅಭಿಪ್ರಾಯ ಅಂಟಿಸಿದ ದಿನ ಅದರ ಪಕ್ಕದಲ್ಲಿ ಉತ್ತರಕ್ಕೂ ಅಷ್ಟೇ ಜಾಗ ಬಿಡಿ. ಅದಕ್ಕೆ ಕಲ್ಲು ಬೇಡ, ಮೊಳೆ ಬೇಡ. ಒಂದು ಹಾಳೆ, ಒಂದು ಪೆನ್ನು ಸಾಕು.