ಹಳೆಯ ಟಾಟಾ 207 ಪಿಕಪ್ ವಾಹನದ ಪುನಶ್ಚೇತನ

ಟಾಟಾ 207 ಎಂಬುದು ಟಾಟಾ ಮೋಟಾರ್ಸ್ ಸಂಸ್ಥೆಯು ತಯಾರಿಸಿದ ಡೀಸೆಲ್ ಚಾಲಿತ ಪಿಕಪ್ ಸರಕು ವಾಹನವಾಗಿದೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಮೊದಲಾದ ದಕ್ಷಿಣ ಬೆಂಗಳೂರಿನ ಪ್ರದೇಶಗಳಲ್ಲಿ ತರಕಾರಿ, ಕಟ್ಟಡ ಸಾಮಗ್ರಿ ಹಾಗೂ ಮನೆ ಸಾಮಾನುಗಳ ಸಾಗಣೆಗೆ ಈ ಬಗೆಯ ವಾಹನಗಳು ಬಳಕೆಯಲ್ಲಿವೆ. ಹಲವು ವರ್ಷ ದುಡಿದ ವಾಹನದ ದೋಷಗಳನ್ನು ಪತ್ತೆಹಚ್ಚಿ, ಅದನ್ನು ಮತ್ತೆ ಸುರಕ್ಷಿತವಾಗಿ ರಸ್ತೆಗಿಳಿಸುವ ಕಾರ್ಯವನ್ನು ಪುನಶ್ಚೇತನ ಎನ್ನಲಾಗುತ್ತದೆ. ಇಂತಹ ವಾಹನವೇ ಮಾಲೀಕನ ಜೀವನಾಧಾರವಾಗಿರುವ ಸಂದರ್ಭಗಳು ಹೆಚ್ಚಾದುದರಿಂದ, ದುರಸ್ತಿಗೆ ಹಣ ಹೂಡಬೇಕೇ ಅಥವಾ ಗುಜರಿಗೆ ನೀಡಬೇಕೇ ಎಂಬ ನಿರ್ಧಾರವು ಮುಖ್ಯವಾಗುತ್ತದೆ.

ಹಿನ್ನೆಲೆ

ಟಾಟಾ ಸಂಸ್ಥೆಯು 1988ರಲ್ಲಿ ಟಾಟಾಮೊಬೈಲ್ ಪಿಕಪ್ ಅನ್ನು ಬಿಡುಗಡೆ ಮಾಡಿತು. 207 ಇದೇ ಪರಂಪರೆಗೆ ಸೇರಿದ ವಾಹನ. ನಂತರ ಬಂದ 207 ಡಿಐ ಮಾದರಿಯಲ್ಲಿ 2956 ಸಿಸಿ ಸಾಮರ್ಥ್ಯದ, ನಾಲ್ಕು ಸಿಲಿಂಡರುಗಳ ಡೀಸೆಲ್ ಎಂಜಿನ್ ಇದೆ. ಇದರಲ್ಲಿ ಇಂಧನವು ನೇರವಾಗಿ ದಹನ ಕೋಷ್ಠಕ್ಕೆ ಸಿಂಪಡಣೆಯಾಗುತ್ತದೆ. ಹಳೆಯ ಮಾದರಿಗಳಲ್ಲಿ ಇಂಧನ ಪೂರೈಕೆಯು ಯಾಂತ್ರಿಕ ಪಂಪಿನಿಂದ ನಡೆಯುವುದರಿಂದ, ಬಹುತೇಕ ದೋಷಗಳನ್ನು ಕಂಪ್ಯೂಟರ್ ಉಪಕರಣಗಳಿಲ್ಲದೆಯೇ ಗುರುತಿಸಬಹುದು.

ಭಾರತದ ಡೀಸೆಲ್ ವಾಹನಗಳ ಇಂಧನ ಪಂಪು ಮತ್ತು ನಾಝಲ್‌ಗಳ ಇತಿಹಾಸದಲ್ಲಿ ದಕ್ಷಿಣ ಬೆಂಗಳೂರಿಗೆ ವಿಶೇಷ ಸ್ಥಾನವಿದೆ. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು (ಮೈಕೋ) ಆಡುಗೋಡಿಯಲ್ಲಿನ ತನ್ನ ಕಾರ್ಖಾನೆಯಲ್ಲಿ ಇವನ್ನು ತಯಾರಿಸುತ್ತಿತ್ತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾಯಿತು. ಬಿ.ಟಿ.ಎಂ. ಪ್ರದೇಶದ ಮೈಕೋ ಬಡಾವಣೆಯ ಹೆಸರಿನಲ್ಲಿ ಹಳೆಯ ಹೆಸರು ಇಂದಿಗೂ ಉಳಿದಿದೆ.

ಪ್ರಾಥಮಿಕ ಪರಿಶೀಲನೆ

ಎಂಜಿನ್ನನ್ನು ಬಿಚ್ಚುವ ಮೊದಲು ಚಾಸಿಯನ್ನು ಪರೀಕ್ಷಿಸುವುದು ಸೂಕ್ತ ಕ್ರಮ. ಎಂಜಿನ್ನಿನ ಹೆಚ್ಚಿನ ಭಾಗಗಳನ್ನು ಬದಲಿಸಬಹುದು. ಆದರೆ ತುಕ್ಕು ತಿಂದ ಅಥವಾ ಬಿರುಕುಬಿಟ್ಟ ಚಾಸಿಯು ವಾಹನದ ಸುರಕ್ಷತೆಯನ್ನೇ ಕುಂದಿಸುತ್ತದೆ. ಹೆಚ್ಚು ಭಾರ ಹೊತ್ತ ವಾಹನಗಳಲ್ಲಿ ಹಿಂಬದಿಯ ಪಟ್ಟಾಗಳು ಚಾಸಿಗೆ ಸೇರುವ ಸ್ಥಳ ಮತ್ತು ಸರಕುಪೆಟ್ಟಿಗೆಯ ತಳಭಾಗವನ್ನು ವಿಶೇಷವಾಗಿ ಗಮನಿಸಬೇಕಾಗುತ್ತದೆ. ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳು ಸ್ಪಷ್ಟವಾಗಿದ್ದು, ನೋಂದಣಿ ಪತ್ರದಲ್ಲಿರುವ ಸಂಖ್ಯೆಗಳಿಗೆ ಹೊಂದಬೇಕು.

ಎಂಜಿನ್ ಚಾಲೂ ಆಗದಿರುವುದು

ಸ್ಟಾರ್ಟರ್ ಮೋಟಾರ್ ನಿಧಾನವಾಗಿ ತಿರುಗಿದರೆ ಮೊದಲು ಬ್ಯಾಟರಿ, ಅದರ ಟರ್ಮಿನಲ್‌ಗಳು ಹಾಗೂ ಅರ್ಥ್ ವೈರನ್ನು ಪರೀಕ್ಷಿಸಲಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತಿ ಉಂಟಾಗುವ ಶಾಖದಿಂದಲೇ ಇಂಧನ ಹೊತ್ತಿಕೊಳ್ಳುವುದರಿಂದ, ತಿರುಗುವ ವೇಗ ಕಡಿಮೆಯಾದರೆ ದಹನ ಆರಂಭವಾಗುವುದಿಲ್ಲ.

ಎಂಜಿನ್ ಚಾಲೂ ಆಗಿ ಕೆಲವೇ ಕ್ಷಣಗಳಲ್ಲಿ ನಿಂತರೆ ಡೀಸೆಲ್ ಲೈನಿನಲ್ಲಿ ಏರ್ ಹಿಡಿದಿರುವ ಸಾಧ್ಯತೆ ಹೆಚ್ಚು. ಸಡಿಲ ಜೋಡಣೆ, ಸೀಳಿದ ರಬ್ಬರ್ ಕೊಳವೆ ಅಥವಾ ಫಿಲ್ಟರ್ ವಾಷರ್ ಇದಕ್ಕೆ ಸಾಮಾನ್ಯ ಕಾರಣ. ಸೋರಿಕೆಯನ್ನು ಸರಿಪಡಿಸಿ, ಕೈಪಂಪಿನಿಂದ ಡೀಸೆಲ್ ಒತ್ತಿ ಏರ್ ತೆಗೆದರೆ ದೋಷ ನಿವಾರಣೆಯಾಗುತ್ತದೆ. ಈ ಅಗ್ಗದ ಪರೀಕ್ಷೆಗಳನ್ನು ಬಿಟ್ಟು ನೇರವಾಗಿ ಪಂಪನ್ನು ಬಿಚ್ಚುವುದರಿಂದ ಅನಗತ್ಯ ವೆಚ್ಚವಾಗುತ್ತದೆ.

ಹೊಗೆಯ ಬಣ್ಣ ಮತ್ತು ದೋಷ

ಕಪ್ಪು ಹೊಗೆ: ಗಾಳಿಗೆ ಹೋಲಿಸಿದರೆ ಇಂಧನ ಹೆಚ್ಚಾಗಿದೆ ಎಂಬುದರ ಸೂಚನೆ. ಏರ್ ಫಿಲ್ಟರ್ ಕಟ್ಟಿರುವುದು, ನಾಝಲ್ ಸವೆದಿರುವುದು ಅಥವಾ ಪಂಪಿನ ಕ್ಯಾಲಿಬ್ರೇಷನ್ ತಪ್ಪಿರುವುದು ಕಾರಣವಾಗಬಹುದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು ಶೇ. 10ರಷ್ಟು ಕಡಿಮೆಯಿರುವುದರಿಂದ, ಟರ್ಬೊ ಇಲ್ಲದ ಎಂಜಿನ್ನುಗಳಲ್ಲಿ ಈ ದೋಷ ಬೇಗ ಎದ್ದು ಕಾಣುತ್ತದೆ.

ಬಿಳಿ ಹೊಗೆ: ಚಾಲೂ ಆದ ಕೂಡಲೇ ಕಂಡು ಮರೆಯಾದರೆ ಸುಡದ ಡೀಸೆಲ್. ಹೊಗೆ ನಿಲ್ಲದೆ, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು.

ನೀಲಿ ಹೊಗೆ: ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್‌ಗಳು ಸವೆದಿರುವ ಸಾಧ್ಯತೆಯಿದೆ. ಕಂಪ್ರೆಷನ್ ಪರೀಕ್ಷೆಯ ನಂತರವಷ್ಟೇ ಎಂಜಿನ್ ಬಿಚ್ಚುವ ನಿರ್ಧಾರ ಕೈಗೊಳ್ಳುವುದು ಉಚಿತ.

ಎಂಜಿನ್ ಬಿಸಿಯಾಗುವುದು

ಗಡಸು ಕೊಳವೆಬಾವಿ ನೀರನ್ನು ರೇಡಿಯೇಟರಿಗೆ ತುಂಬಿದಾಗ ಒಳಗೆ ಸುಣ್ಣದ ಪದರ ಕಟ್ಟಿ, ಶಾಖ ಹೊರಹೋಗದೆ ಎಂಜಿನ್ ಬಿಸಿಯಾಗುತ್ತದೆ. ರೇಡಿಯೇಟರನ್ನು ಶುಚಿಗೊಳಿಸಿ, ಲವಣರಹಿತ ನೀರು ಬೆರೆಸಿದ ಕೂಲೆಂಟ್ ತುಂಬುವುದು ಇದಕ್ಕೆ ಪರಿಹಾರ. ಬಿಸಿಯಾಗುವುದನ್ನು ತಪ್ಪಿಸಲು ಥರ್ಮೋಸ್ಟಾಟ್ ಅನ್ನೇ ತೆಗೆದುಹಾಕುವ ರೂಢಿಯೂ ಇದೆ. ಇದರಿಂದ ಮೂಲ ದೋಷ ಮರೆಯಾಗುವುದಲ್ಲದೆ, ಎಂಜಿನ್ ಸೂಕ್ತ ಉಷ್ಣತೆಗೆ ತಲುಪದೆ ಡೀಸೆಲ್ ಬಳಕೆ ಮತ್ತು ಸವೆತ ಎರಡೂ ಹೆಚ್ಚುತ್ತವೆ.

ಬಿಡಿಭಾಗಗಳು

ಜೆ.ಸಿ. ರಸ್ತೆ ಮತ್ತು ಕಲಾಸಿಪಾಳ್ಯದ ಸುತ್ತಮುತ್ತ ವಾಹನ ಬಿಡಿಭಾಗಗಳ ಅಂಗಡಿಗಳು ಕೇಂದ್ರೀಕೃತವಾಗಿವೆ. ಬಾಗಿಲು, ಕನ್ನಡಿ, ಸರಕುಪೆಟ್ಟಿಗೆಯಂತಹ ಭಾಗಗಳನ್ನು ಗುಜರಿಯಿಂದ ಪಡೆದರೆ ವೆಚ್ಚ ಉಳಿಯುತ್ತದೆ. ಆದರೆ ಬ್ರೇಕ್ ಮತ್ತು ಸ್ಟಿಯರಿಂಗ್ ಭಾಗಗಳಲ್ಲಿನ ಸವೆತವು ಹೊರನೋಟಕ್ಕೆ ಕಾಣದಿರಬಹುದಾದ ಕಾರಣ, ಅವುಗಳನ್ನು ಹೊಸದಾಗಿಯೇ ಅಳವಡಿಸುವುದು ಸುರಕ್ಷಿತ. ಸಿಲ್ಕ್ ಬೋರ್ಡ್ ಜಂಕ್ಷನ್‌ನಂತಹ ಕಡೆ ನಿಂತು ನಿಂತು ಸಾಗುವ ಸಂಚಾರದಿಂದ ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ.

ಕಾನೂನು

ಮೋಟಾರು ವಾಹನ ಕಾಯ್ದೆ, 1988ರ 56ನೇ ಕಲಮಿನಂತೆ ಸಾರಿಗೆ ವಾಹನಗಳಿಗೆ ಅರ್ಹತಾ ಪ್ರಮಾಣಪತ್ರ (ಎಫ್.ಸಿ.) ಕಡ್ಡಾಯ. ಎಂಟು ವರ್ಷ ಮೀರಿದ ವಾಹನಗಳು ಇದನ್ನು ಪ್ರತಿವರ್ಷ ನವೀಕರಿಸಬೇಕು. 15 ವರ್ಷ ಮೀರಿದ ವಾಹನಗಳ ನವೀಕರಣ ಶುಲ್ಕವನ್ನು 2022ರ ಏಪ್ರಿಲ್ 1ರಿಂದ ಗಣನೀಯವಾಗಿ ಏರಿಸಲಾಯಿತು. ಹೀಗಾಗಿ ಪುನಶ್ಚೇತನದ ವೆಚ್ಚದಲ್ಲಿ ಇದನ್ನೂ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ. ಎಂಜಿನ್ ಬದಲಾವಣೆಯಂತಹ ಮಾರ್ಪಾಡುಗಳು 52ನೇ ಕಲಮಿನ ವ್ಯಾಪ್ತಿಗೆ ಬರುತ್ತವೆ. ಅವುಗಳನ್ನು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ದಾಖಲಿಸಬೇಕು. ಕೆಎ-05 ನೋಂದಣಿಯ ವಾಹನಗಳು ಜಯನಗರದ ಕಚೇರಿಗೆ ಸೇರಿದವು.

ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲಿನ ನಿರ್ಬಂಧದ ಆದೇಶಗಳು ದೆಹಲಿ ರಾಷ್ಟ್ರ ರಾಜಧಾನಿ ಪ್ರದೇಶಕ್ಕೆ ಸಂಬಂಧಿಸಿದವು. 2023ರ ಏಪ್ರಿಲ್‌ನಲ್ಲಿ ಜಾರಿಯಾದ 15 ವರ್ಷದ ಮಿತಿಯು ಸರ್ಕಾರಿ ವಾಹನಗಳಿಗೆ ಅನ್ವಯಿಸುತ್ತದೆ. ಎಫ್.ಸಿ. ಪಡೆಯಲಾಗದ ವಾಹನವನ್ನು ಕೈಬಿಡುವುದಾದರೆ, ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ ನೋಂದಣಿಯನ್ನು ರದ್ದುಪಡಿಸುವುದು ಕ್ರಮಬದ್ಧ ವಿಧಾನವಾಗಿದೆ.