ಕಟ್ಟದಿಂದ ಕಿರು ಜಲವಿದ್ಯುತ್ತಿನವರೆಗೆ: ನೇತ್ರಾವತಿ ಸೀಮೆಯ ಒಡ್ಡುಗಳು

ದಕ್ಷಿಣ ಕನ್ನಡದಲ್ಲಿ ನದಿಗೆ ಅಡ್ಡಕಟ್ಟುವುದು ವಿದ್ಯುತ್ತಿನೊಂದಿಗೆ ಬಂದ ರೂಢಿಯಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಸೀಮೆಯ ಅಡಕೆ ತೋಟಗಳನ್ನು ಬೇಸಗೆಯಲ್ಲಿ ಉಳಿಸಿಕೊಂಡು ಬಂದವುಗಳಲ್ಲಿ ‘ಕಟ್ಟ’ಗಳ ಪಾತ್ರ ಹಿರಿದು. ಮಳೆ ಹಿಂದೆ ಸರಿದು ತೊರೆಯ ಸೆಳವು ತಗ್ಗಿದ ಮೇಲೆ, ಸಾಮಾನ್ಯವಾಗಿ ಡಿಸೆಂಬರ್ ಹೊತ್ತಿಗೆ, ಕಲ್ಲು, ಮಣ್ಣು, ಅಡಕೆ ಮರ, ಸೊಪ್ಪುಗಳಿಂದ ಊರವರು ಕೂಡಿ ಇದನ್ನು ಕಟ್ಟುತ್ತಿದ್ದರು. ಮುಂಗಾರಿನ ಮೊದಲ ನೆರೆಗೆ ಅದು ಕೊಚ್ಚಿಹೋಗುತ್ತಿತ್ತು, ಇಲ್ಲವೆ ಅದಕ್ಕೆ ಮುನ್ನವೇ ಬಿಡಿಸಲಾಗುತ್ತಿತ್ತು. ವರ್ಷವರ್ಷವೂ ಮರಳಿ ಕಟ್ಟಬೇಕಾದುದನ್ನು ಕಟ್ಟದ ದೌರ್ಬಲ್ಯವೆಂದು ಎಣಿಸಿದವರುಂಟು. ನದಿಯ ದೃಷ್ಟಿಯಿಂದ ಅದೇ ಅದರ ಗುಣ. ಮೊಟ್ಟೆಯಿಡಲು ಹೊಸನೀರಿಗೆ ಎದುರೀಜುವ ಮೀನಿಗೆ ದಾರಿ ತೆರೆದಿರುತ್ತಿತ್ತು, ಹೂಳೂ ಕೆಳಗೆ ಸಾಗುತ್ತಿತ್ತು.

ಪಂಪುಸೆಟ್ಟು, ಕೊಳವೆಬಾವಿಗಳು ಬಂದಂತೆ ಕಟ್ಟಗಳು ವಿರಳವಾದವು. ಅತ್ತ ಘಟ್ಟದ ತಪ್ಪಲಿನ ತೊರೆಗಳಲ್ಲಿ ಕಿರು ಜಲವಿದ್ಯುತ್ ಘಟಕಗಳು ತಲೆಯೆತ್ತಿದವು. 2006ರ ಪರಿಸರ ಪರಿಣಾಮ ಅಧಿಸೂಚನೆಯು 25 ಮೆಗಾವಾಟ್‌ಗಿಂತ ಕಡಿಮೆಯ ಜಲವಿದ್ಯುತ್ ಯೋಜನೆಗಳನ್ನು ಪೂರ್ವಾನುಮತಿಯಿಂದ ಹೊರಗಿಟ್ಟಿತು. ಗಾತ್ರ ಕಿರಿದಾದರೆ ಹಾನಿಯೂ ಕಿರಿದೆಂಬ ಈ ಎಣಿಕೆ ಒಪ್ಪತಕ್ಕದ್ದಲ್ಲ. ಒಡ್ಡಿನಿಂದ ನೀರನ್ನು ಕಾಲುವೆ ಅಥವಾ ಕೊಳವೆಗೆ ತಿರುಗಿಸಿ, ಕೆಳಗಿನ ವಿದ್ಯುದಾಗಾರದಲ್ಲಿ ಮತ್ತೆ ತೊರೆಗೆ ಬಿಡಲಾಗುತ್ತದೆ. ಇವೆರಡರ ನಡುವಿನ ಪಾತ್ರದಲ್ಲಿ ನೀರು ತೀರ ಕಡಿಮೆಯಾಗಿ ಬಿಸಿಯೇರುತ್ತದೆ. ನೇತ್ರಾವತಿ ಜಲಾನಯನದ ಒಡ್ಡುಳ್ಳ ಹಾಗೂ ಒಡ್ಡಿಲ್ಲದ ತೊರೆಗಳನ್ನು ಹೋಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಡ್ಡುಳ್ಳೆಡೆ ಮೀನುಗಳ ಸಮುದಾಯವೇ ಬದಲಾಗಿರುವುದನ್ನು ದಾಖಲಿಸಿದೆ.

ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ನದಿಯ ಮಹಶೀರ್ ಮೀನುಗಳನ್ನು ಶಿಶಿಲೇಶ್ವರನ ಮೀನುಗಳೆಂದು ಯಾರೂ ಹಿಡಿಯುವುದಿಲ್ಲ. ವಿಷಪ್ರಾಶನದಿಂದ ಸತ್ತ ಮೀನುಗಳಿಗೆ ಅಲ್ಲಿ ಸ್ಮಾರಕವೂ ಉಂಟು. ಆದರೆ ಭಕ್ತಿಯ ಕಾವಲು ದೇವಾಲಯದ ಮಡುವಿಗಷ್ಟೇ. ಮಹಶೀರ್ ವಲಸೆಯ ಮೀನು.

ಬಂಟ್ವಾಳ ತಾಲ್ಲೂಕಿನಲ್ಲಿ ಪ್ರಶ್ನೆಯ ರೂಪ ಬೇರೆ. ಇಲ್ಲಿ ಶಂಭೂರಿನ ಜಲವಿದ್ಯುತ್ ಅಣೆಕಟ್ಟಿನ ಕೆಳಗೆ ಮಂಗಳೂರಿಗೆ ನೀರುಣಿಸುವ ತುಂಬೆಯ ಕಿಂಡಿ ಅಣೆಕಟ್ಟು ಇದೆ. 2016ರ ಬೇಸಗೆಯಲ್ಲಿ ತುಂಬೆ ಬರಿದಾದಾಗ ಶಂಭೂರಿನ ನೀರಿಗೆ ಮೊರೆಹೋಗಬೇಕಾಯಿತು. ನಗರಕ್ಕಾಗಿ ಬಾಗಿಲು ತೆರೆಯಬಹುದಾದರೆ ನದಿಗಾಗಿಯೂ ತೆರೆಯಬಹುದು.

ರಾಷ್ಟ್ರೀಯ ಹಸಿರು ನ್ಯಾಯಪೀಠವು 2017ರ ಆಗಸ್ಟ್‌ನಲ್ಲಿ, ಬೇಸಗೆಯ ಸರಾಸರಿ ಹರಿವಿನ ಶೇ. 15ರಿಂದ 20ರಷ್ಟನ್ನು ನದಿಗಳಲ್ಲಿ ಉಳಿಸಬೇಕೆಂದಿತು. ಪಶ್ಚಿಮವಾಹಿನಿಗಳಿಗೆ ಈ ಅಳತೆ ಸಾಲದು. ಬೇಸಗೆಯಲ್ಲಿ ನೂಲಿನಂತೆ ಹರಿದು ಮಳೆಗಾಲದಲ್ಲಿ ಉಕ್ಕುವ ಇವುಗಳಲ್ಲಿ ಬೇಸಗೆಯ ಐದನೆಯ ಒಂದು ಪಾಲೆಂದರೆ ಮೀನಿನ ಬೆನ್ನೂ ನೆನೆಯದು. ಜೂನ್, ಜುಲೈಗಳಲ್ಲಿ ಒಡ್ಡಿನ ಬಾಗಿಲುಗಳನ್ನು ತೆರೆದಿಡುವ ಕ್ರಮವನ್ನು ಪರವಾನಗಿಯ ಷರತ್ತುಗಳಲ್ಲೇ ಸೇರಿಸುವುದು ಅಗತ್ಯ.